ಬಡಿಸದ ಕೈಗೆ ಶೇಕಡಾ 10

ಬೆಂಗಳೂರಿನ ದೊಡ್ಡ ರೆಸ್ಟೋರೆಂಟುಗಳು ಬಡಿಸಿದ್ದಕ್ಕೆಂದು ಬಿಲ್ಲಿಗೆ ಸೇರಿಸುವ ಸರ್ವಿಸ್ ಚಾರ್ಜನ್ನು ದೂರಬೇಕೇ ಹೊರತು, ಅವುಗಳ ಅಡುಗೆಯನ್ನು ದೂರಲು ನಮಗೆ ಕಾರಣವಿಲ್ಲ. ಬಾಣಸಿಗರು ಪಳಗಿದ ಕೈಯವರು. ಪನೀರು ಮೆತ್ತಗಿರುತ್ತದೆ, ದಾಲ್‌ಗೆ ಒಗ್ಗರಣೆ ಹದವಾಗಿ ಬಿದ್ದಿರುತ್ತದೆ. ಸಂಕಟವೆಲ್ಲ ಇರುವುದು ಅಡುಗೆಮನೆಯ ಬಾಗಿಲಿನಿಂದ ನಮ್ಮ ಮೇಜಿನವರೆಗಿನ ಇಪ್ಪತ್ತು ಹೆಜ್ಜೆಗಳಲ್ಲಿ. ಅಷ್ಟು ದೂರ ಬರಲು ದಾಲ್ ತೆಗೆದುಕೊಳ್ಳುವ ಹೊತ್ತಿನಲ್ಲಿ, ಅದಕ್ಕಿಂತ ಮೊದಲೇ ಬಂದು ಕುಳಿತ ನಾನ್, ಮೇಲಿನ ಬೆಣ್ಣೆ ಹೆಪ್ಪುಗಟ್ಟಿ, ಅಂಚು ಮುರುಟಿ, ಎರಡೂ ಕೈಯಿಂದ ಜಗ್ಗಿದರೂ ಹರಿಯದ ಸ್ಥಿತಿಗೆ ತಲುಪಿರುತ್ತದೆ. ದಾಲ್ ಬಂದ ಮೇಲೆ ಇನ್ನೊಂದು ನಾನ್ ಹೇಳಬೇಕು. ಅದು ಬರುವಷ್ಟರಲ್ಲಿ ದಾಲ್ ಮೇಲೆ ಕೆನೆ ಕಟ್ಟಿರುತ್ತದೆ. ಎರಡನ್ನೂ ಒಟ್ಟಿಗೆ ಬಿಸಿಯಾಗಿ ಕಾಣುವ ಯೋಗ ಯಾರ ಜಾತಕದಲ್ಲಿದೆಯೋ ತಿಳಿಯದು.

ನಡುವೆ ನೀರು ಬೇಕಾದರೆ ಸರ್ವರನ್ನು ಕರೆಯಬೇಕು. ಆತನ ದೃಷ್ಟಿ ಗಿರಾಕಿಯ ನೆತ್ತಿಯಿಂದ ಒಂದು ಗೇಣು ಮೇಲೆಯೇ ಹಾದುಹೋಗುತ್ತದೆ. ಎತ್ತಿದ ಕೈ ಸೋತು ಇಳಿಯುವ ಹೊತ್ತಿಗೆ ಒಬ್ಬಾತ 'ಬಂದೆ ಸರ್' ಎನ್ನುತ್ತಾ ಹೋಗುತ್ತಾನೆ. ಇನ್ನೊಬ್ಬಾತ 'ಈ ಟೇಬಲ್ ನನ್ನದಲ್ಲ ಸರ್' ಎಂದು ಸರಹದ್ದಿನ ವಿವಾದವನ್ನು ವಿನಯದಿಂದಲೇ ಇತ್ಯರ್ಥಪಡಿಸುತ್ತಾನೆ. (ಎಂಟು ಮೇಜುಗಳಿಗೆ ಒಬ್ಬನೇ ಹುಡುಗನನ್ನು ನಿಲ್ಲಿಸಿ, ಉಳಿದ ಹಣವನ್ನು ಗೋಡೆಯ ಕೃತಕ ಹಸಿರಿಗೆ ಸುರಿದ ಮಾಲೀಕರ ಪಾಪವನ್ನು ಆ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ.)

ಹಾಗೆ ನೋಡಿದರೆ ನಮ್ಮ ದರ್ಶಿನಿಗಳೇ ಪ್ರಾಮಾಣಿಕ. ಅಲ್ಲಿ ಯಾರೂ ನಮ್ಮ ಸೇವೆ ಮಾಡುತ್ತೇವೆಂದು ಮಾತು ಕೊಟ್ಟಿಲ್ಲ. ಟೋಕನ್ ಕೊಟ್ಟು, ತಟ್ಟೆ ನಾವೇ ಎತ್ತಿಕೊಂಡು, ನಿಂತೇ ತಿಂದು ಬರುತ್ತೇವೆ. ಇಡ್ಲಿಯ ಹಬೆ ಆರುವುದರೊಳಗೆ ಚಟ್ನಿಯೂ ತಟ್ಟೆಗೆ ಬಿದ್ದಿರುತ್ತದೆ. ಸೇವೆ ಎಂಬ ಪದಾರ್ಥಕ್ಕೆ ದರ ಕಟ್ಟಿರುವುದು ಅದು ದೊರೆಯದ ಕಡೆಯಲ್ಲೇ.

ಕಾನೂನು ಈ ಬಗ್ಗೆ ಸುಮ್ಮನೆ ಕುಳಿತಿಲ್ಲ. ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಕೂಡದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಒಕ್ಕೂಟಗಳು ಊಟ ಬಡಿಸುವಾಗ ಎಂದೂ ತೋರದ ಚುರುಕಿನಿಂದ ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ನ್ಯಾಯಾಲಯ ಮಾರ್ಗಸೂಚಿಯನ್ನು ಎತ್ತಿಹಿಡಿದು, ಎರಡು ಒಕ್ಕೂಟಗಳಿಗೂ ತಲಾ 1 ಲಕ್ಷ ರೂಪಾಯಿ ವ್ಯಾಜ್ಯದ ವೆಚ್ಚ ವಿಧಿಸಿತು. ಅದರ ಮೇಲೆ ಮೇಲ್ಮನವಿಯೂ ಆಯಿತು. ನಮ್ಮ ದಾಲ್‌ಗಿಂತ ವ್ಯಾಜ್ಯವೇ ವೇಗವಾಗಿ ಸಾಗಿದೆ.

ಇಷ್ಟಾದ ಮೇಲೂ ಚರ್ಮದ ಫೋಲ್ಡರಿನೊಳಗೆ, ಸೋಂಪಿನ ಜೊತೆ, ಬಿಲ್ಲು ಬರುತ್ತದೆ. ಊಟ 1,000 ರೂಪಾಯಿ. ಶೇಕಡಾ 10ರ ಸರ್ವಿಸ್ ಚಾರ್ಜ್ 100. ಎರಡರ ಮೇಲೂ ಶೇಕಡಾ 5ರ ಜಿಎಸ್‌ಟಿ 55. ಅಂದರೆ ನಡೆಯದೇ ಇದ್ದ ಸೇವೆಯ ಲೆಕ್ಕದಲ್ಲಿ ಸರ್ಕಾರದ ಬೊಕ್ಕಸಕ್ಕೂ 5 ರೂಪಾಯಿ ಸಂದಾಯ. ಪ್ರಶ್ನಿಸಿದರೆ ಮ್ಯಾನೇಜರ್ ಸಾಹೇಬರು ಮುಗುಳ್ನಗುತ್ತಾ, 'ಅದು ಆಪ್ಷನಲ್ ಸರ್, ತೆಗೆಸಿಬಿಡೋಣ' ಎನ್ನುತ್ತಾರೆ. ತೆಗೆಸಲು ಹಳೆಯ ಬಿಲ್ಲು ರದ್ದಾಗಬೇಕು, ಅದಕ್ಕೆ ಪಾಸ್‌ವರ್ಡ್ ಇರುವವರು ಮೇಲಿನ ಮಹಡಿಯಿಂದ ಇಳಿದು ಬರಬೇಕು, ಪ್ರಿಂಟರಿಗೆ ಹೊಸ ಕಾಗದದ ಸುರುಳಿ ಹಾಕಬೇಕು. ಪಕ್ಕದಲ್ಲಿ ಮಗು ತೂಕಡಿಸುತ್ತಿರುತ್ತದೆ, ಹೊರಗೆ ಆಟೋದವನು ಮೀಟರ್ ಹಾಕಿಕೊಂಡು ಕಾಯುತ್ತಿರುತ್ತಾನೆ. ಬಹುಪಾಲು ಗಿರಾಕಿಗಳು ಹತ್ತು ನಿಮಿಷ ಕಾದು, ಆ ನೂರು ರೂಪಾಯಿಯನ್ನು ಹೊರಗೆ ಹೋಗಲು ತೆರಬೇಕಾದ ಸುಂಕವೆಂದು ಭಾವಿಸಿ ಕೊಟ್ಟು ಎದ್ದುಬಿಡುತ್ತಾರೆ. ಮ್ಯಾನೇಜರ್ ಸಾಹೇಬರಿಗೂ ಅದು ಗೊತ್ತು.