ಗುಂಡಿ ತೋಡದೆ ಕಲೆ ನಿಲ್ಲಿಸಿ

ಬೀದರಿನ ನೌಬಾದ್ ಕಡೆಯ ಬಯಲಲ್ಲಿ ಪರಿಸರ ಕಲೆಯ ಪ್ರದರ್ಶನ ಮಾಡಬೇಕೆನ್ನುವವರು ಮೊದಲು ಹಾರೆ, ಗುದ್ದಲಿ ಮನೆಯಲ್ಲೇ ಬಿಟ್ಟು ಬರಬೇಕು. ಸಾಮಗ್ರಿಯ ಮಾತು ಆಮೇಲಿನದು. ಇಲ್ಲಿನ ನೆಲ ಜಂಬಿಟ್ಟಿಗೆ, ಅಂದರೆ ತೂತು ತೂತಾದ ಕೆಂಪು ಕಲ್ಲು. ಅದು ನೆಲದೊಳಗೆ ಮೆತ್ತಗಿರುತ್ತದೆ, ಗಾಳಿಗೆ ತೆರೆದುಕೊಂಡರೆ ಗಟ್ಟಿಯಾಗುತ್ತದೆ. ಕಂಬಕ್ಕೆಂದು ತೋಡಿದ ಗುಂಡಿಯನ್ನು ಮುಚ್ಚಿದರೂ ಅದು ಮೊದಲಿನ ನೆಲವಾಗುವುದಿಲ್ಲ. ಮೇಲಿನ ಮಣ್ಣೂ ತೆಳು. ಮಳೆನೀರು ಈ ಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಕಪ್ಪುಕಲ್ಲಿನ ಬಳಿ ತಡೆದು ನಿಲ್ಲುತ್ತದೆ. ಬಹಮನಿ ಕಾಲದ ಸುರಂಗ ಬಾವಿ, ಅಂದರೆ ಕರೇಜ್, ಹರಿಸಿದ್ದು ಆ ನೀರನ್ನೇ. ನೀವು ಚೆಲ್ಲಿದ ಸಿಮೆಂಟಿನ ನೀರು, ಕುಂಚ ತೊಳೆದ ಟರ್ಪೆಂಟೈನ್ ಇಳಿಯುವುದೂ ಅದೇ ದಾರಿಯಲ್ಲಿ. ಕರೇಜಿನ ಬಾಯಿಗಳ ಸುತ್ತಮುತ್ತ ಏನನ್ನೂ ನಿಲ್ಲಿಸಲೇಬಾರದು.

ಹಾಗಾದರೆ ಗುಂಡಿಯಿಲ್ಲದೆ ನಿಲ್ಲಿಸಿದ ಕಲಾಕೃತಿ ಗಾಳಿಗೆ ಹೇಗೆ ತಡೆಯುತ್ತದೆ? ತೂಕದಿಂದ. 1 ಮೀಟರ್ ಅಗಲ, 2 ಮೀಟರ್ ಎತ್ತರದ ಮುಚ್ಚಿದ ತಟ್ಟಿಯ ಮೇಲೆ ಗಂಟೆಗೆ 90 ಕಿ.ಮೀ. ವೇಗದ ಬಿರುಗಾಳಿ ಸುಮಾರು 90 ಕಿಲೊ ತೂಕದಷ್ಟು ಬಲ ಹಾಕುತ್ತದೆ. ತಟ್ಟಿಯ ಪಾದ ಹಿಂದೆ ಮುಂದೆ ಸೇರಿ ಒಂದೂವರೆ ಮೀಟರ್ ಇದ್ದರೆ, ಉರುಳದಿರಲು ಪಾದದ ಮೇಲೆ ಕನಿಷ್ಠ 120 ಕಿಲೊ ತೂಕ ಬೇಕು. ನಂಬಿಕೆಗೆ 180 ಇರಲಿ. 2 ಅಡಿ ಚೌಕದ, ಒಂದೂವರೆ ಇಂಚು ದಪ್ಪದ ಶಹಾಬಾದ್ ಫರಸಿ (ನೆಲಕ್ಕೆ ಹಾಸುವ ಕಲ್ಲು) ಒಂದಕ್ಕೆ ಸುಮಾರು 38 ಕಿಲೊ. ಐದು ಸಾಕು, ಆದರೆ ಎರಡೂ ಬದಿ ಸಮವಾಗಲೆಂದು ಆರು ಇಡಿ. ತಟ್ಟಿಯನ್ನು ಕಿಂಡಿ ಬಿಟ್ಟು ಹೆಣೆದರೆ ಗಾಳಿಯ ಹೊಡೆತ ಇನ್ನೂ ಕಡಿಮೆ. ಫರಸಿಯನ್ನು ಹುಲ್ಲಿನ ಮೇಲೆ ಹೊರಿಸಬೇಡಿ, ವಾರಗಟ್ಟಲೆ ಬಿಸಿಲು ಕಾಣದ ಹುಲ್ಲು ಸಾಯುತ್ತದೆ. ಬರಿಗಲ್ಲು ಎದ್ದ ಜಾಗ ಹುಡುಕಿ.

ತಟ್ಟಿಗೆ ನಮ್ಮ ತೊಗರಿ ಕಟ್ಟಿಗೆಗಿಂತ ಒಳ್ಳೆಯದು ಬೇಕಿಲ್ಲ. ರಾಶಿ ಮುಗಿದ ಮೇಲೆ ಚೆನ್ನಾಗಿ ಒಣಗಿದ್ದನ್ನೇ ತನ್ನಿ. ಹಸಿಯದು ಒಣಗುತ್ತಾ ಸಣ್ಣಗಾಗಿ ಪುಂಡಿ ನಾರಿನ ಕಟ್ಟು ಸಡಿಲಾಗುತ್ತದೆ. ವಾರಕ್ಕೊಮ್ಮೆ ಕಟ್ಟು ಬಿಗಿಯಿರಿ. ತುದಿ ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ, ಫರಸಿಯ ಮೇಲೆಯೇ ನಿಲ್ಲಲಿ.

ತಟ್ಟಿಗೆ ಮೆತ್ತಲು ಕಲಬುರಗಿಯ ಎರೆಮಣ್ಣು ತರುವವರಿಗೆ ಒಂದು ಮಾತು. ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವುದು ಅದರ ಗುಣ. ಒಂದು ಪಾಲು ಎರೆಗೆ ಎರಡು, ಮೂರು, ನಾಲ್ಕು ಪಾಲು ಮರಳು ಹಾಕಿ, ಬೆರಳುದ್ದ ಕತ್ತರಿಸಿದ ಒಣಹುಲ್ಲು ಬೆರೆಸಿ, ಅಂಗೈಯಗಲದ ಮೂರು ಮಾದರಿ ಮಾಡಿ ನೆರಳಲ್ಲಿ ಒಣಗಿಸಿ. ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಕೈಗೆ ಪುಡಿ ಹತ್ತಿದರೆ ಎರೆ ಹೆಚ್ಚಿಸಿ. ಮಳೆಗೆ ಇದು ಕರಗುತ್ತದೆ, ಕರಗಿದ ಎರೆ ಕೆಂಪು ನೆಲದ ತೂತು ಮುಚ್ಚುತ್ತದೆ. ಆದ್ದರಿಂದ ಮೇ ಮುಗಿಯುವ ಮೊದಲೇ ಕಳಚಿ.

ಬಣ್ಣ, ವಾರ್ನಿಷ್ ಬೇಡವೆಂದು ಕಲಾವಿದರಿಗೆ ಪ್ರದರ್ಶನ ರೂಪಿಸುವ ಕ್ಯುರೇಟರ್ ಮೊದಲೇ ಬರೆದು ಕೊಡಬೇಕು. ತೊಗರಿ ಕಟ್ಟಿಗೆ ಯಾರದೋ ಮನೆಯ ಒಲೆಯ ಸೌದೆ. ಬಣ್ಣ ಕುಡಿದ ಕಟ್ಟಿಗೆ ಒಲೆಗೆ ಬಾರದು. ಅಗಸೆ ಎಣ್ಣೆಯೂ ಬೇಡ. ಅದನ್ನು ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಲ್ಲೇ ಕಾದು ಹೊತ್ತಿಕೊಳ್ಳಬಹುದು, ಸುತ್ತ ಒಣಹುಲ್ಲು. ಕೊನೆಗೆ ಗಿಡ ಬೆಳೆಯಲೆಂದು ಬೀಜದುಂಡೆ (ಬೀಜ ಸೇರಿಸಿದ ಮಣ್ಣಿನ ಉಂಡೆ) ಎರಚಿ ಹೋಗುವ ಚಾಳಿಯನ್ನೂ ನಿಲ್ಲಿಸಿ. ಇದು ಹುಲ್ಲುಗಾವಲು, ಕೃಷ್ಣಮೃಗ ಮೇಯುವಂಥ ನೆಲ. ಇಲ್ಲಿ ಗಿಡ ದಟ್ಟವಾದರೆ ಹುಲ್ಲು ಹಿಂದೆ ಸರಿಯುತ್ತದೆ. ಕಟ್ಟಿಗೆ ಯಾರ ಹೊಲದಿಂದ ಬಂತೋ ಅವರಿಗೇ ವಾಪಸ್, ಫರಸಿ ಅಂಗಡಿಗೆ, ಮೆತ್ತಿದ ಮಣ್ಣು ಎರೆಹೊಲಕ್ಕೆ. ಈ ಸಾಗಾಣಿಕೆಯ ಖರ್ಚನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ.