ಮಿಕ್ಕ ಮೂರು ಮೊಲೆ ಚೆನ್ನಾಗಿದೆಯಂತೆ!

ಕೆಚ್ಚಲು ಬಾವು ಬಂದ ಸೀಮೆಹಸುವಿನ ಮೊಲೆಯೊಳಗೆ ಬೆಳಿಗ್ಗೆ ಆಂಟಿಬಯೋಟಿಕ್ ಔಷಧಿಯ ಟ್ಯೂಬ್ ಹಾಕಿಸಿ, ಸಂಜೆ ಅದೇ ಹಾಲನ್ನ ಡೇರಿ ಕ್ಯಾನಿಗೆ ಸುರಿಯೋದು ನಮ್ಮ ಕೋಲಾರದ ಕಡೆ ಎಷ್ಟು ಮಾಮೂಲಿ ಆಗಿಹೋಗಿದೆ! ಕೇಳಿದ್ರೆ ಸಿದ್ಧ ಉತ್ತರ: "ಔಷಧಿ ಹಾಕಿದ್ದು ಒಂದು ಮೊಲೆಗೆ ತಾನೇ?" ಔಷಧಿ ರಕ್ತಕ್ಕೆ ಸೇರಿ ಮಿಕ್ಕ ಮೂರಕ್ಕೂ ಇಳಿಯುತ್ತೆ ಕಣ್ರೀ. ನಾಲ್ಕೂ ಮೊಲೆಯ ಹಾಲು ಚೆಲ್ಲಬೇಕು. ಎಷ್ಟು ದಿನ ಅನ್ನೋದು ಔಷಧಿಯ ಲೇಬಲ್ ಮೇಲೇ ಇರುತ್ತೆ. ಸಾಮಾನ್ಯವಾಗಿ 3-4 ದಿನ. ಅದೂ ಕೊನೆಯ ಡೋಸಿನಿಂದ ಎಣಿಸಬೇಕು, ಮೊದಲನೆಯದರಿಂದ ಅಲ್ಲ.

ಹಾಲು ಕಾಯಿಸಿದ್ರೆ ಔಷಧಿ ಹೋಗುತ್ತೆ ಅನ್ನೋರು ಬೇರೆ. ಪೆನಿಸಿಲಿನ್ ಜಾತಿಯವು ಕುದಿಸಿದರೂ ಬಹುಪಾಲು ಹಾಗೇ ಉಳಿಯುತ್ತವೆ. ಹೆಪ್ಪು ಹಾಕಿದ ಹಾಲು ಮಾರನೇ ದಿನವೂ ನೀರಾಡ್ತಿದ್ರೆ ಪಾಪ ಹೆಪ್ಪನ್ನೇ ಬೈತಾರೆ. ಹೆಪ್ಪಿನ ಬ್ಯಾಕ್ಟೀರಿಯಾವನ್ನ ಔಷಧಿ ಕೊಂದಿರಬಹುದು ಅಂತ ಯಾರಿಗೂ ಹೊಳೆಯಲ್ಲ. (ಚಳಿಗೂ ಹೀಗಾಗುತ್ತೆ, ಅದು ಬೇರೆ ಮಾತು.) ಹಾಲು ಪರೀಕ್ಷಿಸೋ ಲ್ಯಾಕ್ಟೋಮೀಟರ್ ನೋಡೋದೂ ಸಾಂದ್ರತೆ ಮಾತ್ರ, ಔಷಧಿ ಅದರ ಕಣ್ಣಿಗೆ ಬೀಳಲ್ಲ.

ಚೆಲ್ಲೋ ಹಾಲಿನ ದುಡ್ಡು ಹೊಟ್ಟೆ ಉರಿಸುತ್ತೆ, ನಿಜ. ಹಾಗಾದ್ರೆ ಬಾವು ಬರೋದನ್ನಾದ್ರೂ ತಡೀರಿ! ಕರೆಯೋ ಮುಂಚೆ ಮೊದಲ 3-4 ಧಾರೆ ಕಪ್ಪು ಬಟ್ಟಲಿಗೆ ಹಿಂಡಿ, ಹಾಲಿನಲ್ಲಿ ಬಾವಿನ ಗುರುತಾದ ಗಡ್ಡೆ ಇದೆಯಾ ನೋಡಿ. ಕರೆದಾದ ಮೇಲೆ ಮೊಲೆಯನ್ನ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ ಅರ್ಧ ಗಂಟೆಯಾದ್ರೂ ಹಸು ಮಲಗದ ಹಾಗೆ ನೋಡ್ಕೊಳ್ಳಿ. ಮೊಲೆತೂತು ಮುಚ್ಚೋಕೆ ಅಷ್ಟು ಹೊತ್ತು ಬೇಕು. ಗಡ್ಡೆ ಹಾಲನ್ನ ಕೊಟ್ಟಿಗೆ ನೆಲಕ್ಕೇ ಹಿಂಡೋದಂತೂ ಪಕ್ಕದ ಹಸುವಿಗೆ ರೋಗ ಪಾರ್ಸಲ್ ಕಳಿಸಿದ ಹಾಗೆ.