ಬೆಳಕು ಇದೆ, ಲಿಂಕ್ ಇಲ್ಲ

"ತಾಮ್ರದ ಪೋರ್ಟ್ ಆಗಲೇ ಓಡ್ತಾ ಇದೆಯಲ್ಲ, ಫೈಬರ್ ಅಂದ್ರೆ ಒಂದೆರಡು ರಿಜಿಸ್ಟರ್ ಬದಲಾಯಿಸೋದು ತಾನೆ?" ಅಂದರು ನಮ್ಮ ಮ್ಯಾನೇಜರ್. "ಹೂಂ, ಮಧ್ಯಾಹ್ನದೊಳಗೆ ಮುಗಿಸ್ತೀನಿ" ಅಂದೆ. ಯಾವ ದಿನದ ಮಧ್ಯಾಹ್ನ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಿಜಿಸ್ಟರ್ ಅಂದರೆ ಚಿಪ್ಪಿನ ಸೆಟ್ಟಿಂಗು, ಸ್ಥಿತಿ ಬರೆದಿಡುವ ಒಳಗಿನ ಸಣ್ಣ ಖಾನೆ. ಕೆಲಸ ಇಷ್ಟೇ. ಬೋರ್ಡಿನ ಮೇಲೆ ಒಂದು ಈಥರ್ನೆಟ್ ಸ್ವಿಚ್ ಚಿಪ್. ಅದಕ್ಕೆ ಎಂಟು ಪೋರ್ಟು. ಹಳೆಯ ಬೋರ್ಡಿನಲ್ಲಿ ಎಂಟನೆಯದಕ್ಕೆ ತಾಮ್ರದ ತಂತಿಯ ಫೈ (PHY) ಚಿಪ್, ಅಂದರೆ ಬಿಟ್ಟುಗಳನ್ನು ತಂತಿಯ ಸಂಕೇತವಾಗಿಸುವ ಚಿಪ್, ಅಂಟಿಸಿದ್ದರು. ಹೊಸ ಬೋರ್ಡಿನಲ್ಲಿ ಅದನ್ನು ಕಿತ್ತು ಎಸ್‌ಎಫ್‌ಪಿ ಗೂಡು ಇಟ್ಟಿದ್ದಾರೆ, ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ, ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವ ಪುಟ್ಟ ಮಾಡ್ಯೂಲಿನ ಗೂಡು. ಗೂಡಿಗೆ ಮಾಡ್ಯೂಲ್ ತೂರಿಸಬೇಕು, ಫೈಬರ್ ಸಿಕ್ಕಿಸಬೇಕು, ಅದರ ಇನ್ನೊಂದು ತುದಿಯನ್ನು ಮೇಜಿನ ಮೇಲಿರುವ ಹಳೆಯ ಸ್ವಿಚ್‌ಗೆ ಕೊಡಬೇಕು. ಹಸಿರು ದೀಪ ಹತ್ತುತ್ತದೆ.

ಕೊಟ್ಟೆ. ಹತ್ತಲಿಲ್ಲ.

ಫೈಬರ್ ತುದಿಗೆ ಕಣ್ಣಿಟ್ಟು ನೋಡಬಾರದು ಅನ್ನುವುದು ಮೊದಲ ಪಾಠ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾಗಂತ ಕಣ್ಣಿಗೆ ತಾಗದೆ ಇರುತ್ತದೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ನಾನು ಬುದ್ಧಿವಂತ ಅಲ್ವಾ, ಫೋನಿನ ಕ್ಯಾಮೆರಾ ಹಿಡಿದೆ. ಟಿವಿ ರಿಮೋಟಿನ ಬೆಳಕು ಅದರಲ್ಲಿ ಕಾಣುತ್ತದಲ್ಲ, ಅದೇ ಉಪಾಯ. ಪರದೆಯ ಮೇಲೆ ಬರೀ ಕತ್ತಲೆ. ಮಾಡ್ಯೂಲ್ ಸತ್ತಿದೆ ಅಂತ ತೀರ್ಮಾನಿಸಿ ಇನ್ನೊಂದು ಹಾಕಿದೆ. ಅದೂ ಸತ್ತಿತ್ತು. ಮೂರನೆಯದೂ ಸತ್ತಿತ್ತು. ಮೂರಕ್ಕೂ 'ಕೆಟ್ಟಿದೆ' ಅಂತ ಚೀಟಿ ಅಂಟಿಸಿ ಸಾಲಾಗಿ ಮಲಗಿಸಿದೆ.

ಪಕ್ಕದ ಮೇಜಿನ ಸಹೋದ್ಯೋಗಿ ಮಾತು ಕಡಿಮೆ. ದಿನಕ್ಕೊಂದು ಪ್ರಶ್ನೆ ಕೇಳುತ್ತಾರೆ, ಅದು ಮರ್ಮಕ್ಕೇ ತಾಗುತ್ತದೆ. ಅವತ್ತಿನ ಪ್ರಶ್ನೆ: "ಎಷ್ಟು ನ್ಯಾನೋಮೀಟರ್?"

ಮಾಡ್ಯೂಲಿನ ಮೇಲೆ 1310 ಅಂತ ಬರೆದಿತ್ತು, ಅದು ಬೆಳಕಿನ ತರಂಗಾಂತರ. ಕ್ಯಾಮೆರಾದ ಸೆನ್ಸರ್ ಸಿಲಿಕಾನ್‌ದು. ಅದಕ್ಕೆ ಸುಮಾರು 1100 ನ್ಯಾನೋಮೀಟರಿನಿಂದ ಆಚೆ ಏನೂ ಕಾಣುವುದಿಲ್ಲ. 850ರ ಮಾಡ್ಯೂಲ್ ಆಗಿದ್ದರೆ ಮಸುಕಾಗಿಯಾದರೂ ಕಂಡೀತು. ಅಂದರೆ ಕುರುಡನನ್ನು ಸಾಕ್ಷಿಗೆ ಕರೆದು ಮೂವರಿಗೆ ಶಿಕ್ಷೆ ಕೊಟ್ಟಿದ್ದೆ. ಚೀಟಿ ಕಿತ್ತೆ.

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಾಗಿದ್ದ ಕೆಲಸ. ಮಾಡ್ಯೂಲನ್ನೇ ಕೇಳಿದೆ. ಪ್ರತಿ ಎಸ್‌ಎಫ್‌ಪಿ ಒಳಗೂ ಒಂದು ಸಣ್ಣ ನೆನಪಿನ ಚಿಪ್ ಇರುತ್ತದೆ, ಐ2ಸಿ ಅನ್ನುವ ಎರಡು ತಂತಿಯ ಸಂಪರ್ಕದಲ್ಲಿ ಓದಬಹುದು. ಹೆಕ್ಸ್ 50ನೇ ವಿಳಾಸದಲ್ಲಿ ಅದರ ಜಾತಕ. ನನ್ನ ಮಾಡ್ಯೂಲಿಗೆ 51ರಲ್ಲಿ ನಾಡಿಯೂ ಸಿಗುತ್ತಿತ್ತು: ಬಿಸಿ ಎಷ್ಟು, ಬಿಡುವ ಬೆಳಕು ಎಷ್ಟು, ಬರುವ ಬೆಳಕು ಎಷ್ಟು. ಬಿಡುವ ಬೆಳಕು ಮೈನಸ್ 40 ಡಿಬಿಎಂ ಅಂದಿತು, ಡಿಬಿಎಂ ಅಂದರೆ ಬೆಳಕಿನ ಶಕ್ತಿಯ ಅಳತೆ. ಒಂದು ಮಿಲಿವ್ಯಾಟಿನ ಹತ್ತು ಸಾವಿರದಲ್ಲಿ ಒಂದು ಪಾಲು. ಮರ್ಯಾದೆಯ ಭಾಷೆಯಲ್ಲಿ 'ಏನೂ ಇಲ್ಲ' ಅಂತ. ಹಾಗಾದರೆ ನನ್ನ ತೀರ್ಮಾನ ಸರಿಯೇ ಇತ್ತು, ಕಾರಣ ಮಾತ್ರ ಪೂರ್ತಿ ತಪ್ಪು!

ಲೇಸರ್ ಆರಿಸುವುದಕ್ಕೆ ಅಂತಲೇ ಮಾಡ್ಯೂಲಿನಲ್ಲಿ ಒಂದು ಪಿನ್ ಇದೆ. ಅದನ್ನು ಯಾರೂ ಕೆಳಗೆ ಎಳೆಯದಿದ್ದರೆ ಒಳಗಿನ ರೆಸಿಸ್ಟರ್ ಅದನ್ನು ಮೇಲಕ್ಕೇ ಹಿಡಿದಿರುತ್ತದೆ. ಮೇಲೆ ಅಂದರೆ ಲೇಸರ್ ಆಫ್. ಎಳೆಯಬೇಕಾದವನು ನಾನು. ಹಳೆಯ ಬೋರ್ಡಿನ ಸೆಟ್ಟಿಂಗ್ ಫೈಲನ್ನು ಹಾಗೇ ನಕಲು ಮಾಡಿದ್ದೆ, ಅದರಲ್ಲಿ ಈ ಪಿನ್ನಿನ ಸುದ್ದಿಯೇ ಇಲ್ಲ. ಒಂದು ಸಾಲು ಸೇರಿಸಿದೆ. ಮೈನಸ್ 6 ಬಂತು, ಲೇಸರ್ ಹತ್ತಿತು. ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ.

ಬರುವ ಬೆಳಕು ಇನ್ನೂ ಮೈನಸ್ 40. ಇದರ ಕಥೆ ಚಿಕ್ಕದು. ಎರಡು ಎಳೆಯ ಫೈಬರಿನಲ್ಲಿ ನನ್ನ ಬಾಯಿ ಅವನ ಕಿವಿಗೆ, ಅವನ ಬಾಯಿ ನನ್ನ ಕಿವಿಗೆ ಸೇರಬೇಕು. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸಿದ್ದೆ. ತಿರುಗಿಸಿ ಹಾಕಿದೆ.

ಆಗ ಆ ಕಡೆಯ ಸ್ವಿಚ್‌ನಲ್ಲಿ ಹಸಿರು ದೀಪ ಹತ್ತಿತು. ನನ್ನ ಬೋರ್ಡಿನಲ್ಲಿ ಹತ್ತಲಿಲ್ಲ.

ಲಿಂಕ್ ಅಂದರೆ ಎರಡು ಕಡೆಯೂ ಒಪ್ಪಬೇಕಾದ ವಿಷಯ ಅಂದುಕೊಂಡಿದ್ದೆ. ಒಬ್ಬರು 'ನಮ್ಮ ಮದುವೆ ಆಯ್ತು' ಅನ್ನುವುದು, ಇನ್ನೊಬ್ಬರು 'ನೀವ್ಯಾರು?' ಅನ್ನುವುದು ಹೇಗೆ ಸಾಧ್ಯ? ಸಾಧ್ಯ. ನನ್ನ ಚಿಪ್ಪಿನ ಪೋರ್ಟ್ ಫೈ ಚಿಪ್ಪಿನ ಜೊತೆ ಮಾತಾಡುವ ಎಸ್‌ಜಿಎಂಐಐ ಮೋಡಿನಲ್ಲಿತ್ತು, ಅದೂ ನಕಲಿನ ಪ್ರಸಾದ. ಆ ಮೋಡಿನಲ್ಲಿ ವೇಗ ಎಷ್ಟು ಅಂತ ಫೈ ಚಿಪ್ ಹೇಳಬೇಕು, ಸ್ವಿಚ್ ಚಿಪ್ ಕೇಳಿಸಿಕೊಳ್ಳಬೇಕು. ಕಿತ್ತು ಹಾಕಿದ ಫೈ ಎಲ್ಲಿಂದ ಹೇಳೀತು? ಫೈಬರಿಗೆ ಬೇಕಾದದ್ದು 1000ಬೇಸ್-ಎಕ್ಸ್ ಅನ್ನುವ ಮೋಡ್. ಎರಡೂ ಓಡುವುದು ಸೆಕೆಂಡಿಗೆ 1.25 ಗಿಗಾಬಿಟ್‌ನಲ್ಲೇ, ಎರಡಕ್ಕೂ ಅದೇ 8ಬಿ/10ಬಿ ಕೋಡಿಂಗ್, ಅಂದರೆ ಎಂಟು ಬಿಟ್ಟನ್ನು ಹತ್ತಾಗಿಸಿ ಕಳಿಸುವ ಕ್ರಮ. ಹೊರಗಿನಿಂದ ನೋಡಿದರೆ ಅವಳಿ ಜವಳಿ. ಇಬ್ಬರೂ ಕಳಿಸುವ 16 ಬಿಟ್ಟಿನ ಸಂದೇಶದ ಅರ್ಥ ಮಾತ್ರ ಬೇರೆ ಬೇರೆ. ಮೋಡ್ ಬದಲಾಯಿಸಿದೆ.

ಏನೂ ಆಗಲಿಲ್ಲ. ಯಾಕಂದರೆ ಆ ಕಡೆ ಆಟೋ ನೆಗೋಸಿಯೇಷನ್ನೇ, ಅಂದರೆ ಎರಡು ತುದಿ ತಾವಾಗಿ ಮಾತಾಡಿ ಒಪ್ಪಂದಕ್ಕೆ ಬರುವುದೇ, ಆಫ್ ಆಗಿತ್ತು. ನನ್ನವನು 'ಮಾತಾಡೋಣ ಬಾ' ಅಂತ ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತಾನೆ. ಅವನಿಗೆ ಮಾತು ಬೇಡ, ಯಾವುದೋ ಸದ್ದು ಸರಿಯಾಗಿ ಬರ್ತಿದೆ ಅಂತ ದೀಪ ಹತ್ತಿಸಿ ಕೂತಿದ್ದಾನೆ. ಎತ್ತು ಏರಿಗೆ, ಕೋಣ ನೀರಿಗೆ. ಆ ಕಡೆ ಆನ್ ಮಾಡಿದೆ. ನನ್ನ ಪೋರ್ಟಿನ ಸ್ಟೇಟಸ್ ರಿಜಿಸ್ಟರ್ ಓದಿದೆ. ಲಿಂಕ್ ಬಿಟ್ ಸೊನ್ನೆ. ಇದೂ ಅಲ್ಲ ಅಂತ ಮತ್ತೆ ಆಫ್ ಮಾಡಿದೆ.

ಆಮೇಲೆ ಒಂದೂವರೆ ದಿನ ನಾನು ಏನೇನು ಬದಲಾಯಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಕ್ಲಾಕನ್ನು ಅನುಮಾನಿಸಿದೆ, ಪಾಸಿಟಿವ್-ನೆಗೆಟಿವ್ ಜೋಡಿ ಅದಲು ಬದಲಾಗಿದೆ ಅಂದುಕೊಂಡೆ, ಬೋರ್ಡ್ ವಿನ್ಯಾಸ ಮಾಡಿದವರನ್ನು ಮನಸ್ಸಿನಲ್ಲೇ ಬೈದೆ. ಪಾಪ.

ಮೂರನೆಯ ದಿನದ ಪ್ರಶ್ನೆ ಬಂತು: "ಆ ಬಿಟ್ ಎರಡು ಸಲ ಓದಿದ್ರಾ?"

ಓದಿರಲಿಲ್ಲ. ಲಿಂಕ್ ಒಮ್ಮೆ ಬಿದ್ದರೆ ಆ ಬಿಟ್ ಸೊನ್ನೆಗೆ ಅಂಟಿಕೊಳ್ಳುತ್ತದೆ, ಯಾರಾದರೂ ಓದುವ ತನಕ ಬಿಡುವುದಿಲ್ಲ. ಮಧ್ಯೆ ಬಿದ್ದದ್ದು ಯಾರ ಕಣ್ಣಿಗೂ ತಪ್ಪಬಾರದು ಅಂತ ಮಾಡಿದ ಏರ್ಪಾಡು. ಮೊದಲ ಸಲ ಕೇಳಿದರೆ ಹಳೆಯ ದುಃಖ ಹೇಳಿಕೊಳ್ಳುತ್ತದೆ, ಎರಡನೆಯ ಸಲ ಈಗಿನ ಸಮಾಚಾರ. ಡೇಟಾಶೀಟಿನಲ್ಲಿ ಸಣ್ಣಕ್ಷರದಲ್ಲಿ ಇದೆ. ನಾನು ದಪ್ಪಕ್ಷರ ಮಾತ್ರ ಓದುವ ಜಾತಿ.

ಆ ಕಡೆ ನೆಗೋಸಿಯೇಷನ್ ಮತ್ತೆ ಆನ್. ಓದಿದೆ: ಸೊನ್ನೆ. ಇನ್ನೊಮ್ಮೆ ಓದಿದೆ: ಒಂದು. 'ಇದ್ದೀಯಾ?' ಅಂತ ಕೇಳುವ ಪಿಂಗ್ ಕಳಿಸಿದೆ, ಉತ್ತರಗಳು ಸಾಲು ಸಾಲಾಗಿ ಬಂದವು. ಸಾವಿರ ಪ್ಯಾಕೆಟ್ ಕಳಿಸಿದೆ, ಒಂದೂ ಕಳೆದುಹೋಗಲಿಲ್ಲ. ಸುಮ್ನೆ ಇನ್ನೊಂದು ಸಾವಿರ ಕಳಿಸಿದೆ, ನೋಡುವುದಕ್ಕೆ ಚೆನ್ನಾಗಿತ್ತು.

ಮ್ಯಾನೇಜರ್ ಅದೇ ಹೊತ್ತಿಗೆ ಬಂದರು. ಪರದೆ ನೋಡಲಿಲ್ಲ. ನೇರವಾಗಿ ಬೋರ್ಡಿನ ಕಡೆ ಬಗ್ಗಿದರು. ಎಂಟನೇ ಪೋರ್ಟಿನ ದೀಪ ಆರಿಯೇ ಇತ್ತು. ಹಳೆಯ ಬೋರ್ಡಿನಲ್ಲಿ ಆ ದೀಪವನ್ನು ಹತ್ತಿಸುತ್ತಿದ್ದದ್ದೂ ಕಿತ್ತು ಹಾಕಿದ ಆ ಫೈ ಚಿಪ್ಪೇ. ಈಗ ಅದನ್ನು ಸ್ವಿಚ್ ಚಿಪ್ಪಿನಿಂದಲೇ ಹತ್ತಿಸಬೇಕು, ಅದಕ್ಕೆ ಬೇರೆ ರಿಜಿಸ್ಟರ್ ಇದೆ.

"ಇನ್ನೂ ಆಗಿಲ್ವಾ?" ಅಂದರು.

"ಮಧ್ಯಾಹ್ನದೊಳಗೆ" ಅಂದೆ.